ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿದರೆ

ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಒಂದು ಸಂಜೆ ನನ್ನ ದವಾಖಾನೆಗೆ ಬಂದ. ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಸ್ಪರ್ಧೆಯ ಹುಚ್ಚು ಎಷ್ಟೆಂದು ನಿಮಗೆ ಗೊತ್ತೇ ಇದೆ. ಇವನೂ ಎರಡು ವರ್ಷ ಹಣ ಕೂಡಿಸಿ ಹಳೆಯದೊಂದು ರೇಸ್ ಸೈಕಲ್ ಕೊಂಡಿದ್ದ. ಟಗರಿನ ಕೊಂಬಿನಂತೆ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಇರುವ ಸೈಕಲ್ ಅದು. ಗೆಳೆಯರೊಂದಿಗೆ 200 ಕಿಲೋಮೀಟರಿನ ದೂರಯಾನಕ್ಕೆ ತಯಾರಿ ನಡೆಸುತ್ತಿದ್ದ.

"ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತವೆ. ಮೊದಮೊದಲು ಸೈಕಲ್ ಇಳಿದ ಮೇಲೆ ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಈಗ ರಾತ್ರಿಯವರೆಗೂ ಇರುತ್ತದೆ" ಎಂದ. ವುಝೂ ಮಾಡುವಾಗ ನೀರು ತಣ್ಣಗಿದೆಯೋ ಬೆಚ್ಚಗಿದೆಯೋ ಆ ಎರಡು ಬೆರಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ.

ನಾನು ಬೆರಳುಗಳನ್ನು ನೋಡಿದೆ, ತೈಲ ಕೊಟ್ಟೆ, ಬೆಳಿಗ್ಗೆ ಸಂಜೆ ತಿಕ್ಕಲು ಹೇಳಿ ಕಳಿಸಿದೆ. ಸೈಕಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದು ನನ್ನ ತಪ್ಪು. ಆ ತಪ್ಪೇ ಈ ಲೇಖನಕ್ಕೆ ಕಾರಣ.

ಮೂರು ವಾರಗಳ ನಂತರ ಅವನು ತಾಯಿಯೊಂದಿಗೆ ಬಂದ. ಈಗ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ, ಬೀಗದ ಕೈ ತಿರುವಲು ಆಗುತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಲ ಭಾಗ ಎಡಗೈಗಿಂತ ಬಲಗೈಯಲ್ಲಿ ಸ್ವಲ್ಪ ಇಳಿದಂತೆ ಕಾಣುತ್ತಿತ್ತು. ತಾಯಿ ಕಣ್ಣಲ್ಲಿ ನೀರು ತಂದುಕೊಂಡು, "ಡಾಕ್ಟರ್ ಸಾಬ್, ಹುಡುಗನ ಕೈಗೆ ಲಕ್ವಾ ಹೊಡದೈತೇನ್ರಿ? ಆ ಸೈಕಲ್ ನಾಳೆನೇ ಗುಜರಿಗೆ ಹಾಕಿಬಿಡ್ತೀನ್ರಿ" ಎಂದರು.

ಲಕ್ವಾ ಅಲ್ಲ ಎಂದು ಧೈರ್ಯ ಹೇಳಿದೆ. ಆಮೇಲೆ, ಮೊದಲ ದಿನವೇ ಹೇಳಬೇಕಾಗಿದ್ದ ಮಾತು ಹೇಳಿದೆ: "ಸೈಕಲ್ ಮಾರಬೇಡಿ. ನಾಳೆ ಅದನ್ನು ಇಲ್ಲಿಗೆ ತನ್ನಿ."

ಜಾಲೀನೂಸ್ ಹೇಳಿದ ಕಥೆ

ನಾವು ಯುನಾನಿ ಕಲಿತವರು ಜಾಲೀನೂಸನ ಹೆಸರನ್ನು ಗೌರವದಿಂದ ಹೇಳುತ್ತೇವೆ. ಇಂಗ್ಲಿಷಿನವರು ಅವನನ್ನು ಗ್ಯಾಲನ್ ಎನ್ನುತ್ತಾರೆ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ರೋಮ್ ನಗರದಲ್ಲಿ ವೈದ್ಯನಾಗಿದ್ದವನು. ಅವನು ಬರೆದಿಟ್ಟ ಒಂದು ರೋಗಿಯ ಕಥೆ ಇಲ್ಲಿ ಬಹಳ ಹೊಂದುತ್ತದೆ.

ಸಿರಿಯಾ ಮೂಲದ ಒಬ್ಬ ಪಂಡಿತನಿಗೆ ಕಿರುಬೆರಳು, ಉಂಗುರ ಬೆರಳು ಮತ್ತು ಮಧ್ಯದ ಬೆರಳಿನ ಅರ್ಧ ಭಾಗ ಸ್ಪರ್ಶಜ್ಞಾನ ಕಳೆದುಕೊಂಡಿದ್ದವು. ಬೇರೆ ವೈದ್ಯರು ಬೆರಳಿಗೇ ಮದ್ದು ಹಚ್ಚುತ್ತಿದ್ದರು, ಗುಣ ಕಾಣಲಿಲ್ಲ. ಜಾಲೀನೂಸ್ ಅವನನ್ನು ಕೂರಿಸಿ ವಿಚಾರಿಸಿದಾಗ, ಹಿಂದೆ ಬಂಡಿಯಿಂದ ಬಿದ್ದು ಮೇಲ್ಬೆನ್ನಿಗೆ ಪೆಟ್ಟು ಬಿದ್ದಿದ್ದ ವಿಷಯ ಹೊರಬಂತು. ಮದ್ದನ್ನು ಬೆರಳಿನಿಂದ ತೆಗೆದು ಬೆನ್ನುಹುರಿಯ ಆ ಜಾಗಕ್ಕೆ ಹಾಕಿಸಿದ. ರೋಗಿ ಗುಣವಾದ.

ಇದರ ಪಾಠ ಸರಳ. ಜೋಮು ಕಾಣುವುದು ಬೆರಳಿನಲ್ಲಿ, ಆದರೆ ನರ ಒತ್ತುತ್ತಿರುವುದು ಬೇರೆಲ್ಲೋ ಇರಬಹುದು. ಯುನಾನಿಯಲ್ಲಿ ಈ ಜೋಮಿಗೆ 'ಖದರ್' ಎಂದು ಹೆಸರು. ಚಿಕಿತ್ಸೆಯ ಮೊದಲ ನಿಯಮ 'ಇಝಾಲಾ-ಎ-ಸಬಬ್', ಅಂದರೆ ಕಾರಣವನ್ನು ತೆಗೆಯುವುದು. ನಾನು ಆ ಹುಡುಗನಿಗೆ ಕಾರಣವನ್ನು ಬಿಟ್ಟು ತೈಲ ಕೊಟ್ಟಿದ್ದೆ. ಕಾಲಿಗೆ ಬಿಗಿದ ಹಗ್ಗ ಬಿಚ್ಚದೆ ಪಾದಕ್ಕೆ ಎಣ್ಣೆ ತಿಕ್ಕಿದ ಹಾಗೆ.

ಎರಡು ನರಗಳು, ಎರಡು ನಕ್ಷೆಗಳು

ನಿಮ್ಮ ಅಂಗೈಯನ್ನು ಮುಂದೆ ಚಾಚಿ ನೋಡಿಕೊಳ್ಳಿ. ಕಿರುಬೆರಳಿನ ಕೆಳಗೆ ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಗೆರೆ ದಾಟಿದ ಕೂಡಲೇ ಬಟಾಣಿ ಕಾಳಿನಂಥ ಒಂದು ಸಣ್ಣ ಗಟ್ಟಿ ಎಲುಬು ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲಿ ಒಂದು ಕಿರಿದಾದ ಓಣಿ ಇದೆ. 1861ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯ ಗಯೋನನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಈ ಓಣಿಯ ಮೂಲಕ ಅಲ್ನಾರ್ ಎಂಬ ನರ ಅಂಗೈಗೆ ಇಳಿಯುತ್ತದೆ. ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳಿನವರೆಗೆ ಕರೆಂಟ್ ಹೊಡೆದಂತಾಗುತ್ತದಲ್ಲ, ಅದೇ ನರ ಇದು. ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವುದು ಇದರ ಕೆಲಸ. ಬೆರಳುಗಳನ್ನು ಅಗಲಿಸುವ, ಕೂಡಿಸುವ, ಚಿಮುಟುವ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವಕ್ಕೂ ಶಕ್ತಿ ಇದರಿಂದಲೇ.

ಮಣಿಕಟ್ಟಿನ ನಡುವೆ ಇನ್ನೊಂದು ಸುರಂಗವಿದೆ. ಅದರಲ್ಲಿ ಮೀಡಿಯನ್ ಎಂಬ ನರ ಸಾಗುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಅದರ ಪಾಲು.

ಸೈಕಲ್ ಸವಾರ ಮುಂದಕ್ಕೆ ಬಾಗಿ ಮೈಭಾರವನ್ನು ಅಂಗೈಯ ಬುಡದ ಮೇಲೆ ಹಾಕಿದಾಗ ಗಯೋನನ ಓಣಿ ನೇರವಾಗಿ ಹ್ಯಾಂಡಲಿಗೂ ಎಲುಬಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಣಿಕಟ್ಟು ಹಿಂದಕ್ಕೆ ಮಡಿದಿದ್ದರೆ ನರ ಎಳೆದಂತೆಯೂ ಆಗುತ್ತದೆ. ಮೇಲೆ ರಸ್ತೆಯ ಕುಲುಕಾಟ ಬೇರೆ. ಹೀಗೆ ಗಂಟೆಗಟ್ಟಲೆ ನಡೆದರೆ ನರ ಮೊದಲು ಜುಮುಜುಮು ಎನ್ನುತ್ತದೆ, ನಂತರ ಜೋಮು ಹಿಡಿಯುತ್ತದೆ, ಕೊನೆಗೆ ಸ್ನಾಯು ಸೋಲುತ್ತದೆ.

ಇದು ಅಪರೂಪವಲ್ಲ. 2003ರಲ್ಲಿ ಅಮೆರಿಕದ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 600 ಕಿಲೋಮೀಟರ್ ಸೈಕಲ್ ತುಳಿದ 25 ಮಂದಿಯ ಕೈಗಳನ್ನು ಪರೀಕ್ಷಿಸಿದಾಗ 23 ಮಂದಿಯಲ್ಲಿ ಜೋಮು ಅಥವಾ ಶಕ್ತಿಹೀನತೆ ಅಥವಾ ಎರಡೂ ಕಂಡುಬಂದವು. ಬಹುತೇಕ ಸವಾರರು "ಇದು ಸಹಜ" ಎಂದು ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ. ಎಲ್ಲರಿಗೂ ಆಗುತ್ತದೆ ಎಂದ ಮಾತ್ರಕ್ಕೆ ಅದು ನಿರಪಾಯಕಾರಿ ಎಂದಲ್ಲ.

ಒಂದು ಎಚ್ಚರಿಕೆಯ ಮಾತು. ಅಲ್ನಾರ್ ನರ ಅಂಗೈಯಲ್ಲಿ ಎರಡು ಕವಲಾಗುತ್ತದೆ. ಸ್ನಾಯುಗಳಿಗೆ ಹೋಗುವ ಆಳದ ಕವಲು ಮಾತ್ರ ಒತ್ತಿದರೆ ಜೋಮೇ ಇಲ್ಲದೆ ಬರೀ ಶಕ್ತಿ ಕುಂದುತ್ತದೆ. "ನನಗೆ ಜೋಮಿಲ್ಲ, ಆದರೆ ಪೆನ್ನು ಜಾರುತ್ತದೆ" ಎಂದು ಮಕ್ಕಳು ಹೇಳಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ.

ಸೈಕಲ್ ಏನು ಹೇಳಿತು

ಮರುದಿನ ಹುಡುಗ ಸೈಕಲ್ ತಂದ. ನನ್ನ ಪರಿಚಯದ ಅನುಭವಿ ಮೆಕ್ಯಾನಿಕ್ ಒಬ್ಬರನ್ನೂ ಕರೆಸಿದೆ. ಗೋಡೆಗೆ ಒರಗಿಸಿ ಹುಡುಗನನ್ನು ಹತ್ತಿಸಿ ನೋಡಿದಾಗ ಐದು ನಿಮಿಷದಲ್ಲಿ ಕಾರಣಗಳು ಸಾಲುಗಟ್ಟಿದವು. ಫ್ರೇಮು ಅವನಿಗಿಂತ ಎತ್ತರದವನಿಗಾಗಿ ಮಾಡಿದ್ದು. 165 ಸೆಂಟಿಮೀಟರ್ ಎತ್ತರದ ಹುಡುಗನಿಗೆ 52 ಸೆಂಟಿಮೀಟರ್ ಆಸುಪಾಸಿನ ಫ್ರೇಮು ಸಾಕು, ಇದು 56ರದ್ದು. ಹ್ಯಾಂಡಲ್ ದೂರವಾಗಿ, ತೋಳು ಕೋಲಿನಂತೆ ನೇರವಾಗಿತ್ತು. ಸೀಟಿನ ಮೂತಿ ಕೆಳಕ್ಕೆ ಬಾಗಿತ್ತು. ಬ್ರೇಕ್ ಲಿವರುಗಳು ಜಾರಿ ತಗ್ಗಿದ್ದವು. ಟಯರಿನಲ್ಲಿ ಕಲ್ಲಿನಂತೆ ಗಾಳಿ ತುಂಬಿತ್ತು. ಹ್ಯಾಂಡಲಿಗೆ ಸುತ್ತಿದ ಟೇಪು ಸವೆದು ಲೋಹ ಕಾಣುತ್ತಿತ್ತು.

ಆ ಸೈಕಲಿನ ಮೇಲೆ ನಾನು ಕೂತಿದ್ದರೆ ನನ್ನ ಕೈಯೂ ಜೋಮು ಹಿಡಿಯುತ್ತಿತ್ತು. ನಿಮ್ಮ ಮನೆಯ ಸೈಕಲನ್ನೂ ಹೀಗೆಯೇ ಒಂದೊಂದಾಗಿ ನೋಡಿ.

ಮೊದಲು ಸೀಟು, ಆಮೇಲೆ ಹ್ಯಾಂಡಲ್

ಕೈ ನೋಯುತ್ತದೆ ಎಂದರೆ ಎಲ್ಲರೂ ಮೊದಲು ಹ್ಯಾಂಡಲಿಗೇ ಕೈ ಹಾಕುತ್ತಾರೆ. ನಿಜವಾಗಿ ಸೀಟಿನಿಂದ ಶುರು ಮಾಡಬೇಕು. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಜಾರುಬಂಡಿಯಲ್ಲಿ ಕೂತಂತೆ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸ ಅಂಗೈಗೆ ಬೀಳುತ್ತದೆ. ಗೌಂಡಿಗಳು ಬಳಸುವ ರಸಮಟ್ಟವನ್ನು ಸೀಟಿನ ಮೇಲೆ ಉದ್ದಕ್ಕೆ ಇಟ್ಟು ನೋಡಿ. ಬಹುತೇಕ ಮಟ್ಟವಾಗಿರಬೇಕು.

ಸೀಟು ತೀರಾ ಎತ್ತರವಿದ್ದರೆ ಸೊಂಟ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಭಾರ ಮತ್ತೆ ಕೈಗೆ ಬರುತ್ತದೆ. ಒಂದು ಸುಲಭ ಅಳತೆ: ಸೀಟಿನ ಮೇಲೆ ನೇರವಾಗಿ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲು ಅತಿ ಕೆಳಗೆ ಬಂದಾಗ ಮೊಣಕಾಲು ಆಗಷ್ಟೇ ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗಿಯೇ ಇರುತ್ತದೆ.

ಮೂರನೆಯದು ಸೀಟು ಎಷ್ಟು ಹಿಂದಿದೆ ಎಂಬುದು. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳುವವರು ಹಲವರು. ಫಲ ಉಲ್ಟಾ ಆಗುತ್ತದೆ. ನೀವು ಕುರ್ಚಿಯಿಂದ ಏಳುವಾಗ ಪಾದವನ್ನು ಹಿಂದಕ್ಕೆ ಎಳೆದುಕೊಂಡರೆ ಮೈ ಮುಂದಕ್ಕೆ ವಾಲುತ್ತದಲ್ಲ, ಸೀಟು ಮುಂದೆ ಹೋದಾಗ ಆಗುವುದೂ ಅದೇ. ಸೀಟನ್ನು ತುಸು ಹಿಂದಕ್ಕೆ ಸರಿಸಿದರೆ ಭಾರ ನಿತಂಬ ಮತ್ತು ಕಾಲಿಗೆ ಹಂಚಿಹೋಗುತ್ತದೆ. ಒಮ್ಮೆಗೆ 5 ಮಿಲಿಮೀಟರಿಗಿಂತ ಹೆಚ್ಚು ಸರಿಸಬೇಡಿ. ಎರಡು ಮೂರು ಸವಾರಿ ಮಾಡಿ ನೋಡಿ ಮುಂದುವರಿಯಿರಿ.

ಸರಿಯಾಗಿದೆಯೇ ಎಂದು ತಿಳಿಯಲು ಸೈಕಲನ್ನು ಗೋಡೆ ಪಕ್ಕ ನಿಲ್ಲಿಸಿ, ಒಬ್ಬರಿಗೆ ಗಟ್ಟಿಯಾಗಿ ಹಿಡಿಯಲು ಹೇಳಿ. ಸವಾರಿಯ ಭಂಗಿಯಲ್ಲಿ ಕೂತು ಎರಡೂ ಕೈಗಳನ್ನು ಹ್ಯಾಂಡಲಿನಿಂದ ಒಂದಿಷ್ಟು ಮೇಲೆತ್ತಿ. ಧಡಕ್ಕನೆ ಮುಂದೆ ಬೀಳುವಂತಾದರೆ ಭಾರವೆಲ್ಲ ಕೈಯ ಮೇಲಿದೆ ಎಂದರ್ಥ. ಈ ಪರೀಕ್ಷೆಯನ್ನು ರಸ್ತೆಯಲ್ಲಿ ಮಾಡಬೇಡಿ.

ಇನ್ನು ಹ್ಯಾಂಡಲ್. ಅದನ್ನು ಫ್ರೇಮಿಗೆ ಜೋಡಿಸುವ ತುಂಡಿಗೆ ಸ್ಟೆಮ್ ಎನ್ನುತ್ತಾರೆ. ತೋಳು ಪೂರ್ತಿ ಚಾಚಬೇಕಾಗಿ ಬಂದರೆ 110 ಮಿಲಿಮೀಟರಿನ ಸ್ಟೆಮ್ ಬದಲು 90 ಅಥವಾ 80ರದ್ದನ್ನು ಹಾಕಿಸಬಹುದು. ಅನೇಕ ಸೈಕಲುಗಳಲ್ಲಿ ಅದೇ ಸ್ಟೆಮನ್ನು ತಿರುವಿ ಹಾಕಿದರೆ ಹ್ಯಾಂಡಲ್ ಖರ್ಚಿಲ್ಲದೆ ಮೇಲೇಳುತ್ತದೆ. ಸ್ಟೆಮಿನ ಮೇಲೆ ಉಂಗುರಗಳು ಉಳಿದಿದ್ದರೆ ಅವನ್ನು ಕೆಳಗೆ ಹಾಕಿಯೂ ಎತ್ತರಿಸಬಹುದು. ಬ್ರೇಕು, ಹ್ಯಾಂಡಲಿನ ಕೆಲಸವನ್ನು ಮಾತ್ರ ತಿಳಿದ ಮೆಕ್ಯಾನಿಕ್‌ನಿಂದಲೇ ಮಾಡಿಸಿ. ಸಡಿಲ ಬಿಟ್ಟ ಒಂದು ಬೋಲ್ಟು ಜೋಮಿಗಿಂತ ದೊಡ್ಡ ಅಪಾಯ.

ಹ್ಯಾಂಡಲಿನ ಅಗಲ ಸುಮಾರು ನಿಮ್ಮ ಭುಜದ ಎಲುಬುಗಳ ಅಗಲದಷ್ಟಿರಲಿ. ಹೆಣ್ಣುಮಕ್ಕಳಿಗೆ ಅಂಗಡಿಯವರು ಗಂಡಸರ ಅಳತೆಯ 42 ಅಥವಾ 44 ಸೆಂಟಿಮೀಟರಿನ ಹ್ಯಾಂಡಲನ್ನೇ ಕೊಟ್ಟುಬಿಡುತ್ತಾರೆ. ಹಲವರಿಗೆ 38 ಅಥವಾ 40 ಸರಿಹೋಗುತ್ತದೆ. ಸಣ್ಣ ಕೈಯವರಿಗಾಗಿ ಅನೇಕ ಬ್ರೇಕ್ ಲಿವರುಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುವಿದರೆ ಲಿವರು ಬೆರಳಿಗೆ ಹತ್ತಿರ ಬರುತ್ತದೆ. ಬ್ರೇಕ್ ಹಿಡಿಯಲು ಪ್ರತಿಸಲ ಬೆರಳು ಚಾಚಬೇಕಾದ ಮಗಳ ಕೈ ಬೇಗ ದಣಿಯುತ್ತದೆ.

ಕೈ ಇಡುವ ಮೂರು ಜಾಗ

ಡ್ರಾಪ್ ಹ್ಯಾಂಡಲಿನ ದೊಡ್ಡ ಉಪಕಾರವೆಂದರೆ ಕೈ ಇಡಲು ಹಲವು ಜಾಗ ಇರುವುದು. ಅದನ್ನು ಬಳಸದೆ ಒಂದೇ ಕಡೆ ಹಿಡಿದು ಕೂತರೆ ಉಪಕಾರವೇ ಅಪಕಾರವಾಗುತ್ತದೆ.

ಮೊದಲನೆಯದು ಮೇಲಿನ ಚಪ್ಪಟೆ ಭಾಗ. ಚಡಾವು ಹತ್ತುವಾಗ, ಖಾಲಿ ರಸ್ತೆಯಲ್ಲಿ ನಿಧಾನ ಹೋಗುವಾಗ ಇದು ಚೆನ್ನ. ಬ್ರೇಕು ದೂರವಿರುವುದರಿಂದ ಸಂತೆ, ಬಸ್ ನಿಲ್ದಾಣಗಳ ಬಳಿ ಬೇಡ.

ಎರಡನೆಯದು ಬ್ರೇಕ್ ಲಿವರುಗಳ ಮೇಲಿನ ರಬ್ಬರ್ ಹೊದಿಕೆ. ಇದಕ್ಕೆ ಹುಡ್ ಎನ್ನುತ್ತಾರೆ. ಹೆಚ್ಚಿನ ಹೊತ್ತು ಕೈ ಇರುವುದು ಇಲ್ಲೇ. ಯಾರಿಗಾದರೂ ಮುಸಾಫಹ ಮಾಡಲು ಕೈ ಚಾಚಿದಾಗ ಮಣಿಕಟ್ಟು ಹೇಗೆ ನೇರವಾಗಿ, ಹೆಬ್ಬೆರಳು ಮೇಲಾಗಿ ಇರುತ್ತದೋ ಹಾಗೆಯೇ ಇಲ್ಲಿ ಇರಬೇಕು. ಭಾರ ಹೆಬ್ಬೆರಳು-ತೋರುಬೆರಳುಗಳ ನಡುವಿನ ಕವಲಿನ ಮೇಲೆ ಬರಲಿ, ಕಿರುಬೆರಳಿನ ಬುಡದ ಮೇಲೆ ಬರುವುದು ಬೇಡ. ಲಿವರುಗಳು ಕೆಳಕ್ಕೆ ಜಾರಿದ್ದರೆ ಇದು ಸಾಧ್ಯವಾಗದು. ಹ್ಯಾಂಡಲಿನಿಂದ ಹುಡ್‌ವರೆಗೆ ತಗ್ಗಿಲ್ಲದೆ ಒಂದೇ ಸಮವಾಗಿ ಹೋಗುವಂತೆ ಕೂರಿಸಿ.

ಮೂರನೆಯದು ಕೆಳಗಿನ ಬಾಗು. ಎದುರುಗಾಳಿಗೆ, ಇಳಿಜಾರಿಗೆ ಇದು ಬೇಕು. ಮೊಣಕೈ ಬಾಗಿಸಿ, ಬಾಗಿನ ಒಳಗೆ ಕೈಯಿಟ್ಟು, ಮಣಿಕಟ್ಟು ನೇರವಾಗಿಡಿ. ತುದಿಯ ಮೇಲೆ ಅಂಗೈ ಊರಿ ಭಾರ ಬಿಡಬೇಡಿ. ಹೊಸಬರು ಒಂದೆರಡು ನಿಮಿಷಗಳಿಂದ ಶುರು ಮಾಡಿ.

ಕೈ ಎಲ್ಲೇ ಇದ್ದರೂ ಐದು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ರಸ್ತೆ ಖಾಲಿ ಇದ್ದಾಗ, ಒಂದು ಕೈ ಹ್ಯಾಂಡಲಿನ ಮೇಲಿದ್ದಂತೆಯೇ ಇನ್ನೊಂದನ್ನು ಕೆಳಕ್ಕೆ ಬಿಟ್ಟು ಕೊಡವಿ. ಮೊಣಕೈ ಯಾವಾಗಲೂ ಸ್ವಲ್ಪ ಬಾಗಿರಲಿ. ಬಾಗಿದ ಮೊಣಕೈ ಸ್ಪ್ರಿಂಗಿನಂತೆ ಕುಲುಕಾಟವನ್ನು ನುಂಗುತ್ತದೆ. ಹ್ಯಾಂಡಲನ್ನು ಹಕ್ಕಿಮರಿ ಹಿಡಿದಷ್ಟೇ ಮೆತ್ತಗೆ ಹಿಡಿಯಿರಿ, ಗುಂಡಿಗಳಿರುವಲ್ಲಿ ಮಾತ್ರ ಬಿಗಿಮಾಡಿ.

ಗ್ಲೌಸು, ಟೇಪು, ಗಾಳಿ

ಮೆತ್ತೆಯಿರುವ ಗ್ಲೌಸು ಸಹಾಯ ಮಾಡುತ್ತದೆ. ಅಲ್ನಾರ್ ನರದ ಮೇಲೆ ಬೀಳುವ ಒತ್ತಡವನ್ನು ಅಳೆದ ಒಂದು ಪ್ರಯೋಗದಲ್ಲಿ ಮೆತ್ತೆಯ ಗ್ಲೌಸುಗಳು ಅದನ್ನು ಶೇಕಡಾ 10ರಿಂದ 29ರಷ್ಟು ಇಳಿಸಿದ್ದವು. ಅಂದರೆ ಉಪಯೋಗ ಉಂಟು, ಆದರೆ ಮುಕ್ಕಾಲು ಪಾಲು ಒತ್ತಡ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸೀಟು ಸರಿಮಾಡದೆ ಬರೀ ಗ್ಲೌಸು ಕೊಂಡರೆ ದುಡ್ಡು ಹೋಯಿತೇ ಹೊರತು ಜೋಮು ಹೋಗಲಿಲ್ಲ. ದಪ್ಪ ಇದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು. ತೀರಾ ದಪ್ಪದ್ದು ಅಂಗೈಯಲ್ಲಿ ಮುದುಡಿಕೊಂಡು ಗಂಟಾಗುತ್ತದೆ. ಮಣಿಕಟ್ಟಿನ ಪಟ್ಟಿ, ಗಡಿಯಾರದ ಪಟ್ಟಿ ಬಿಗಿಯಾಗಿರಬಾರದು.

ಹ್ಯಾಂಡಲಿನ ಟೇಪು ಸವೆದಿದ್ದರೆ ಬದಲಿಸಿ. ಹಳೆಯ ಟೇಪಿನ ಮೇಲೆಯೇ ಹೊಸದನ್ನು ಎರಡು ಪದರವಾಗಿ ಸುತ್ತಿಸುವುದೂ ಒಳ್ಳೆಯ ಉಪಾಯ. ಹಿಡಿತ ದಪ್ಪವಾದಷ್ಟೂ ಒತ್ತಡ ಅಗಲವಾಗಿ ಹರಡುತ್ತದೆ.

ಟಯರಿನ ಮಗ್ಗುಲಲ್ಲಿ ಬರೆದಿರುವ ದೊಡ್ಡ ಸಂಖ್ಯೆ ಅದು ತಾಳುವ ಗರಿಷ್ಠ ಗಾಳಿ, ನೀವು ತುಂಬಲೇಬೇಕಾದದ್ದಲ್ಲ. 60-65 ಕಿಲೋ ತೂಕದವರಿಗೆ 28 ಮಿಲಿಮೀಟರ್ ಅಗಲದ ಟಯರಿನಲ್ಲಿ 70-80 ಪಿಎಸ್‌ಐ ಗಾಳಿ ಸಾಕು. ಫ್ರೇಮಿನಲ್ಲಿ ಜಾಗವಿದ್ದರೆ 23 ಅಥವಾ 25ರ ಸಪೂರ ಟಯರಿನ ಬದಲು 28 ಹಾಕಿಸಿ. ನಮ್ಮ ಜಿಲ್ಲಾ ರಸ್ತೆಗಳ ಕುಲುಕಾಟಕ್ಕೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಸವಾರನ ಮೈ

ಸೈಕಲ್ ಸರಿಯಾದರೂ ಹೊಟ್ಟೆ ಮತ್ತು ಬೆನ್ನಿನ ಸ್ನಾಯು ದುರ್ಬಲವಾಗಿದ್ದರೆ ಅರ್ಧ ಗಂಟೆಯಲ್ಲಿ ಮೈ ಕುಸಿದು ಕೈಯ ಮೇಲೆ ಬರುತ್ತದೆ. ಮುಂಗೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವ ವ್ಯಾಯಾಮ 20 ಸೆಕೆಂಡಿನಿಂದ ಶುರು ಮಾಡಿ. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಮೇಲೆತ್ತುವುದು, ಬೋರಲು ಮಲಗಿ ಎದೆಯನ್ನು ಸ್ವಲ್ಪ ಮೇಲೆತ್ತುವುದು, ತಲಾ ಹತ್ತು ಸಲ. ವಾರಕ್ಕೆ ಮೂರು ದಿನ ಸಾಕು.

ಯುನಾನಿಯಲ್ಲಿ ಆರೋಗ್ಯ ಕಾಯುವ ಆರು ಅಗತ್ಯಗಳಲ್ಲಿ 'ಹರಕತ್ ವ ಸುಕೂನ್', ಅಂದರೆ ದೇಹದ ಚಲನೆ ಮತ್ತು ವಿಶ್ರಾಂತಿ ಒಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಭಾನುವಾರ ಮಾತ್ರ 100 ಕಿಲೋಮೀಟರ್ ತುಳಿದು ಉಳಿದ ದಿನ ಮೊಬೈಲ್ ಹಿಡಿದು ಕೂರುವುದಕ್ಕಿಂತ, ದಿನಾ ಸ್ವಲ್ಪ ತುಳಿದು ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸುವುದು ಮೇಲು. ರಾತ್ರಿ ಮೊಣಕೈ ಮಡಿಸಿ ತಲೆಯಡಿ ಇಟ್ಟು ಮಲಗುವುದು, ಗಂಟೆಗಟ್ಟಲೆ ಮೊಣಕೈ ಮೇಜಿಗೆ ಊರಿ ಫೋನ್ ನೋಡುವುದು ಅದೇ ಅಲ್ನಾರ್ ನರವನ್ನು ಮೊಣಕೈಯಲ್ಲಿ ಒತ್ತುತ್ತವೆ. ಹಗಲು ಸೈಕಲಿನಲ್ಲಿ, ರಾತ್ರಿ ದಿಂಬಿನಲ್ಲಿ ಒತ್ತಿದರೆ ನರಕ್ಕೆ ಬಿಡುವು ಯಾವಾಗ?

ಮನೆಯಲ್ಲೇ ಮಾಡುವ ಪರೀಕ್ಷೆ

ಸುಮಾರು ನೂರು ವರ್ಷಗಳ ಹಿಂದೆ ಫ್ರೋಮಾ ಎಂಬ ಫ್ರೆಂಚ್ ವೈದ್ಯ ಪತ್ರಿಕೆಯ ಹಾಳೆ ಬಳಸಿ ಒಂದು ಪರೀಕ್ಷೆ ಹೇಳಿಕೊಟ್ಟ. ಹೆಬ್ಬೆರಳನ್ನು ನೇರವಾಗಿಟ್ಟು ಅದರ ಮತ್ತು ತೋರುಬೆರಳಿನ ಮಗ್ಗುಲಿನ ನಡುವೆ ಒಂದು ಕಾಗದ ಹಿಡಿಯಿರಿ. ಇನ್ನೊಬ್ಬರು ಅದನ್ನು ಎಳೆಯಲಿ. ಆರೋಗ್ಯವಂತ ಕೈ ಹೆಬ್ಬೆರಳು ನೇರವಾಗಿಟ್ಟುಕೊಂಡೇ ಹಿಡಿದುಕೊಳ್ಳುತ್ತದೆ. ಅಲ್ನಾರ್ ನರ ಸೋತಿದ್ದರೆ ಹೆಬ್ಬೆರಳಿನ ತುದಿಯ ಗಿಣ್ಣು ಮಡಚಿಕೊಳ್ಳುತ್ತದೆ ಅಥವಾ ಕಾಗದ ಜಾರುತ್ತದೆ. ಎರಡೂ ಕೈ ಹೋಲಿಸಿ ನೋಡಿ. ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಲು ಆಗುತ್ತದೆಯೇ ಎಂಬುದನ್ನೂ ನೋಡಿ.

ಇನ್ನೊಂದು ಗುರುತು: ಅಂಗೈಯ ಬುಡದಲ್ಲಿ ನರ ಒತ್ತಿದ್ದರೆ ಕೈಯ ಹಿಂಬದಿಯಲ್ಲಿ, ಕಿರುಬೆರಳಿನ ಬುಡದ ಕಡೆ, ಸ್ಪರ್ಶ ಸರಿಯಾಗಿಯೇ ಇರುತ್ತದೆ. ಹಿಂಬದಿಯೂ ಜೋಮು ಹಿಡಿದಿದ್ದರೆ ತೊಂದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಇರುವ ಸಾಧ್ಯತೆ ಹೆಚ್ಚು.

ಸೈಕಲನ್ನು ದೂರುವ ಮುನ್ನ

ಎಲ್ಲ ಜೋಮೂ ಸೈಕಲಿನದಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ.

ಮುಖದ ಒಂದು ಬದಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಮಗ್ಗುಲಿನ ಕೈಕಾಲು ಹಠಾತ್ತನೆ ಜೋಮು ಹಿಡಿದರೆ ಅದು ಲಕ್ವಾ. ತೈಲ, ಮನೆಮದ್ದು, ನನ್ನ ದವಾಖಾನೆ ಯಾವುದೂ ಬೇಡ. ಆ ಕ್ಷಣವೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ.

ಎರಡೂ ಪಾದಗಳಲ್ಲಿ ಕಾಲುಚೀಲ ಹಾಕಿದಂತೆ ಜೋಮಿದ್ದು ನಂತರ ಕೈಗೂ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಇಳಿಯಬಹುದು, ಅದರಿಂದಲೂ ಜೋಮು ಬರುತ್ತದೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದವರಲ್ಲಿ ಮಣಿಕಟ್ಟಿನ ಸುರಂಗ ಬಿಗಿಯಾಗುವುದುಂಟು.

ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಚಿದ ಅಥವಾ ಕೆಂಪು ಮಚ್ಚೆ ಇದ್ದು, ಮೊಣಕೈಯ ಒಳಬದಿಯ ಎಲುಬಿನ ಹಿಂದೆ ನರ ಹುರಿಯಂತೆ ದಪ್ಪವಾಗಿದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಆ ರೋಗಕ್ಕೆ ಅಲ್ನಾರ್ ನರವೇ ಮೆಚ್ಚಿನ ಜಾಗ. ನಾಚಿಕೆಪಟ್ಟು ಮುಚ್ಚಿಡುವುದರಿಂದಲೇ ಬೆರಳುಗಳು ಸೊಟ್ಟಗಾಗುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ಬೇಗ ಶುರು ಮಾಡಿದರೆ ಪೂರ್ಣ ಗುಣವಾಗುತ್ತದೆ.

ಸೈಕಲ್ ಇಳಿದು ಎರಡು ಮೂರು ದಿನವಾದರೂ ಜೋಮು ಹೋಗದಿದ್ದರೆ, ಹಿಡಿತ ಸಡಿಲವಾಗಿದ್ದರೆ, ಸ್ನಾಯು ಇಳಿದಂತೆ ಕಂಡರೆ ಸವಾರಿ ನಿಲ್ಲಿಸಿ ನರತಜ್ಞರನ್ನು ಕಾಣಿರಿ. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಅಳೆಯುವ ಪರೀಕ್ಷೆಯಿಂದ ಒತ್ತಡ ಎಲ್ಲಿದೆ ಎಂಬುದು ತಿಳಿಯುತ್ತದೆ. ಬರೀ ಒತ್ತಡದಿಂದ ಸುಸ್ತಾದ ನರ ಕೆಲವು ವಾರಗಳಲ್ಲಿ ಚೇತರಿಸುತ್ತದೆ. ಒಳಗಿನ ಎಳೆ ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕು, ಅದಕ್ಕೆ ತಿಂಗಳುಗಳೇ ಬೇಕು. ಕಾಯುವುದರಲ್ಲಿ ಕಳೆದ ದಿನ ಸಣ್ಣದಲ್ಲ.

ಜೋಮು ಹಿಡಿದ ಕೈಗೆ ಬಿಸಿ ಇಟ್ಟಿಗೆ, ಕಾದ ಉಪ್ಪಿನ ಗಂಟು, ಕುದಿಯುವ ಎಣ್ಣೆಯ ಶಾಖ ಕೊಡಬೇಡಿ. ಸುಟ್ಟರೂ ಆ ಬೆರಳಿಗೆ ತಿಳಿಯುವುದಿಲ್ಲ. ನೀರಿನ ಬಿಸಿಯನ್ನು ಒಳ್ಳೆಯ ಕೈಯಿಂದ ನೋಡಿ. ಉಗುರು ಬೆಚ್ಚಗಿನ ಎಳ್ಳೆಣ್ಣೆಯಿಂದ ಮುಂಗೈ, ಭುಜ, ಮೇಲ್ಬೆನ್ನನ್ನು ಹಗುರವಾಗಿ ತಿಕ್ಕುವ 'ದಲ್ಕ್' ಸ್ನಾಯುವಿನ ಬಿಗಿತವನ್ನು ಸಡಿಲಿಸುತ್ತದೆ. ಅಂಗೈಯ ಬುಡವನ್ನು ಮಾತ್ರ ಒತ್ತಿ ತಿಕ್ಕಬೇಡಿ. ಒತ್ತಿದ ನರವನ್ನೇ ಮತ್ತೆ ಒತ್ತಿದಂತಾಗುತ್ತದೆ.

ಆ ಹುಡುಗನ ಕೈ

ಅವನನ್ನು ನರತಜ್ಞರ ಬಳಿ ಕಳಿಸಿದೆ. ಒತ್ತಡ ಅಂಗೈಯ ಬುಡದಲ್ಲಿದೆ ಎಂದು ಪರೀಕ್ಷೆ ಹೇಳಿತು. ಆರು ವಾರ ಸೈಕಲ್ ಮುಟ್ಟಲಿಲ್ಲ. ಆ ವರ್ಷದ 200 ಕಿಲೋಮೀಟರ್ ಯಾನ ತಪ್ಪಿತು, ಅದಕ್ಕೆ ಅವನು ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಸ್ಪರ್ಶ ಎರಡನೇ ತಿಂಗಳಲ್ಲಿ ಮರಳಿತು, ಚಿಮುಟುವ ಶಕ್ತಿ ಬರಲು ನಾಲ್ಕು ತಿಂಗಳಾಯಿತು. ನಾನು ಮೊದಲ ದಿನವೇ ಸೈಕಲ್ ತರಿಸಿದ್ದರೆ ಅವನಿಗೆ ಬಹುಶಃ ಒಂದೆರಡು ವಾರದ ವಿಶ್ರಾಂತಿ ಸಾಕಾಗುತ್ತಿತ್ತು. ಈಗ ಜೋಮೆಂದು ಬರುವ ಪ್ರತಿಯೊಬ್ಬರಿಗೂ ನನ್ನ ಮೊದಲ ಪ್ರಶ್ನೆ, "ನೀವು ಕೈಯಿಂದ ಏನು ಕೆಲಸ ಮಾಡುತ್ತೀರಿ?" ಎಂಬುದು.

ದೊಡ್ಡ ಫ್ರೇಮಿನ ಆ ಸೈಕಲನ್ನು ಎತ್ತರದ ಒಬ್ಬ ಗೆಳೆಯನಿಗೆ ಕೊಟ್ಟು ತನ್ನ ಅಳತೆಯದನ್ನು ತೆಗೆದುಕೊಂಡ. ತಾಯಿಯೂ ಗುಜರಿಯ ಮಾತು ಬಿಟ್ಟಿದ್ದಾರೆ. ಆದರೆ ಭಾನುವಾರ ಮಗ ಸವಾರಿ ಮುಗಿಸಿ ಬಂದ ಕೂಡಲೇ ಅವರು ಒಂದು ಹಳೆ ಬಸ್ ಟಿಕೆಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರಂತೆ. ಅವನು ಹೆಬ್ಬೆರಳು ನೇರವಾಗಿಟ್ಟು ಅದನ್ನು ಹಿಡಿಯಬೇಕು, ಅವರು ಎಳೆಯಬೇಕು. ಟಿಕೆಟು ಹರಿದರೆ ಮಾತ್ರ ಊಟ.